ತಂಗೆವ್ವ ಕಲಿಸಿದ ಉತ್ತರಗಳು

ಗಿರಮಲ್ಲ ಪಲ್ಟನ್ ಸೇರಿ ಸಿಪಾಯಿಯಾಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಅವನ ತಾಯಿ ತಂಗೆವ್ವ ಬೀಳಗಿಯ ಸುತ್ತಲಿನ ಹತ್ತೂರುಗಳಲ್ಲಿ ಒಂದೇ ಸುದ್ದಿ ಹೇಳಿಕೊಂಡು ಬಂದಿದ್ದಳು. ನನ್ನ ಮಗ ಈಗ ಮೊದಲಿನವನಲ್ಲ, ಬಾಯಿ ಬಿಟ್ಟರೆ ಹಂಚಿನ ಮೇಲೆ ಜೋಳ ಸಿಡಿದ ಹಾಗೆ ಮಾತು.

ಅವಳೇನೂ ಕಣ್ಣಾರೆ ಕಂಡವಳಲ್ಲ. ಸುಮ್ಮನೆ ನಂಬಿದ್ದಳು. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಪಲ್ಟನ್ ಸೇರುವ ಮೊದಲು ಗಿರಮಲ್ಲ ಕುರಿಗಳ ನಡುವೆ ನಿಂತು ಕೂಗಿದರೆ ಮೂರು ಹೊಲದಾಚೆ ಕೇಳುತ್ತಿತ್ತು. ಮನೆಗೆ ಬೀಗರು ಬಂದರೆ ಮಾತ್ರ ಹಿತ್ತಲ ಬಾಗಿಲಿನಿಂದ ಮಾಯವಾಗುತ್ತಿದ್ದ. ಮುಧೋಳದ ಕಡೆ ಒಂದು ಕನ್ಯೆ ನೋಡಲು ಹೋದಾಗ, ಹೆಸರೇನು ಎಂದು ಕೇಳಿದ್ದಕ್ಕೆ ಎದ್ದು ಹೊರಗೆ ಹೋದವನು ತಿರುಗಿ ಬರಲಿಲ್ಲ. ಹುಡುಕಿದರೆ ಆ ಊರಿನವರದೇ ಕುರಿದೊಡ್ಡಿಯಲ್ಲಿ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಾ ಕೂತಿದ್ದ. ‘ನಮ್ಮ ಹುಡುಗಿ ಬಾಯಿಲ್ಲದ ಗ್ವಾಡಿ ಜೋಡಿ ಸಂಸಾರ ಮಾಡಾಕ ಆಗೂದಿಲ್ರಿ’ ಎಂದು ಕನ್ಯೆಯ ಕಡೆಯವರು ಕೈ ಮುಗಿದರು.

ತಂಗೆವ್ವಳ ತಮ್ಮ ರೇವಪ್ಪ ಅಂದೇ ನಿಶ್ಚಯ ಮಾಡಿದ. ‘ಅಕ್ಕಾ, ಇಂವನ್ನ ಬೆಳಗಾವಿಗೆ ಕರಕೊಂಡು ಹೋಗಿ ಪಲ್ಟನ್ಯಾಗ ಹಾಕತೇನಿ. ಅಲ್ಲಿ ಮೂಕಬಸವಣ್ಣಗೂ ಬಾಯಿ ಬರತೈತಿ.’ ಗಂಡನಿಲ್ಲದ ತಂಗೆವ್ವ ಇರುವೊಬ್ಬ ಮಗನನ್ನು ಕಣ್ಣೀರು ನುಂಗಿ ಕಳಿಸಿದ್ದಳು.

ಈಗ ಅವಳ ಮಾತನ್ನು ನಂಬಿ ಸಾವಳಗಿಯ ಶಿದ್ರಾಮಪ್ಪ ತನ್ನ ಮಗಳು ಸಾತವ್ವಳನ್ನು ತೋರಿಸಲು ಒಪ್ಪಿದ್ದ. ಎರಡು ತಿಂಗಳ ರಜೆಯ ಮೇಲೆ ಗಿರಮಲ್ಲ ಮನೆಗೆ ಬಂದ. ಎದೆ ಅಗಲವಾಗಿತ್ತು, ನಡಿಗೆ ನೆಟ್ಟಗಾಗಿತ್ತು. ಹಾಸಿಗೆಯನ್ನು ಇಟ್ಟಿಗೆ ಕೂಡಿಸಿದ ಹಾಗೆ ಮಡಿಸಿಟ್ಟ. ಉಂಡ ತಾಟನ್ನು ತಾನೇ ತೊಳೆದ.

‘ಅಲ್ಲಿ ಥಂಡಿ ಭಾಳೇನು?’

‘ಹೂಂ.’

‘ಸಾಹೇಬ್ರು ಬೈತಾರೇನು?’

‘ಇಲ್ಲ.’

‘ಮಂದಿ ಛಲೋ ಅದಾರಿಲ್ಲೋ?’

‘ಅದಾರ.’

ತಂಗೆವ್ವ ಒಲೆಯ ಮುಂದೆ ಕುಸಿದು ಕೂತಳು. ಕನ್ಯೆ ನೋಡಲು ನಾಲ್ಕೇ ದಿನ ಉಳಿದಿತ್ತು. ತಾನು ಊರೂರಿಗೆ ಹೇಳಿಕೊಂಡು ಬಂದದ್ದನ್ನೆಲ್ಲ ಮಗನ ಮುಂದೆ ಒಪ್ಪಿಕೊಂಡಳು. ‘ನನ್ನ ನಾಲಿಗಿ ಸುಟ್ಟು ಹೋಗ್ಲಿ ಯಪ್ಪಾ. ಈಗೇನ್ ಮಾಡೂದು?’

ಗಿರಮಲ್ಲ ಸಿಟ್ಟಾಗಲಿಲ್ಲ. ‘ಏನ್ ಹೇಳಬೇಕು ಕಲಿಸು ಬೇ. ಕಲೀತೇನಿ’ ಎಂದ.

ಕನ್ಯೆ ನೋಡಲು ಹೋದಲ್ಲಿ ಏನೇನು ಕೇಳುತ್ತಾರೆಂಬುದು ತಂಗೆವ್ವಳಿಗೆ ಬಾಯಿಪಾಠ. ಮೊದಲು ಮನೆದೇವರು, ಆಮೇಲೆ ಕುಲದ ಬೆಡಗು, ಯಾಕೆಂದರೆ ಒಂದೇ ಬೆಡಗಿನವರು ಅಣ್ಣತಂಗಿಯ ಲೆಕ್ಕ. ಆಮೇಲೆ ಕುರಿ ಎಷ್ಟು, ಕಡೆಗೆ ಪಲ್ಟನ್ನಿನ ಸುದ್ದಿ. ಆ ಸಾಲಿನಂತೆಯೇ ಉತ್ತರಗಳನ್ನು ಕಟ್ಟಿಕೊಟ್ಟಳು. ಗಿರಮಲ್ಲ ಹಿಮ್ಮಡಿ ಜೋಡಿಸಿ, ಕಂಬ ನೋಡುತ್ತಾ ಒಪ್ಪಿಸಿದ. ರೇವಪ್ಪ ಕಟ್ಟೆಯ ಮೇಲೆ ಕೂತು ನಕ್ಕ. ‘ನೀ ಹವಾಲ್ದಾರ ಆಗಬೇಕಾಗಿತ್ತು ಬಿಡಕ್ಕಾ.’

ಸಾವಳಗಿಯ ಪಡಸಾಲೆ ತುಂಬಿ ತುಳುಕುತ್ತಿತ್ತು. ಶಿದ್ರಾಮಪ್ಪ, ಅವನ ತಮ್ಮಂದಿರು, ಅವರ ಹೆಂಡಂದಿರು, ಎಲ್ಲರೂ ಒಟ್ಟಿಗೇ ಮಾತಾಡುವವರು. ಸಾತವ್ವ ತಲೆ ಬಗ್ಗಿಸಿ ಬಂದು ಅವಲಕ್ಕಿ ಕೊಟ್ಟು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಇನ್ನೇನು ಶಿದ್ರಾಮಪ್ಪ ಮನೆದೇವರನ್ನು ಕೇಳಬೇಕು, ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದ ಅವನ ಮುದಿ ತಾಯಿ ಹೊಳೆವ್ವ ನಡುವೆ ಬಾಯಿ ಹಾಕಿದಳು.

‘ತಮ್ಮಾ, ಪಲ್ಟನ್ಯಾಗ ಉಣ್ಣಾಕ ಏನ್ ಕೊಡತಾರೋ?’

ಗಿರಮಲ್ಲ ಬೆನ್ನು ನೆಟ್ಟಗೆ ಮಾಡಿದ. ‘ಬೀರೇಶ್ವರ್ರಿ’ ಎಂದ.

ಶಿದ್ರಾಮಪ್ಪ ಸಾವರಿಸಿಕೊಂಡು, ‘ಕುರಿ ಎಷ್ಟು ಅದಾವ್ರಿ?’ ಎಂದ.

‘ಜೀರಿಗಿ ಬೆಡಗು.’

ನಗೆ ಒಡೆಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಿದ್ರಾಮಪ್ಪ ಮಾತ್ರ ನಗಲಿಲ್ಲ. ತಂಗೆವ್ವಳ ಕಡೆ ತಿರುಗಿದ. ‘ಏನಬೇ ತಂಗೆವ್ವಾ, ನೀ ಹೇಳಿದ್ದೇನು, ಇಲ್ಲಿ ನಡದದ್ದೇನು? ನಮ್ಮ ಕಣ್ಣಾಗ ಮಣ್ಣ ಹಾಕಾಕ ಬಂದಿಯೇನು?’

ಹತ್ತೂರು ಮಾತಿನಲ್ಲಿ ಗೆದ್ದವಳಿಗೆ ಅಲ್ಲಿ ಒಂದಕ್ಷರ ಹೊರಡಲಿಲ್ಲ. ಪಕ್ಕದಲ್ಲಿ ಗಿರಮಲ್ಲ ಎದ್ದು ನಿಂತದ್ದು ಗೊತ್ತಾಯಿತು. ಹೋದ, ಇವತ್ತೂ ಹೋದ ಎಂದುಕೊಂಡು ಕಣ್ಣು ಮುಚ್ಚಿದಳು. ಹೆಜ್ಜೆಯ ಸಪ್ಪಳ ಬಾಗಿಲ ಕಡೆ ಹೋಗಲಿಲ್ಲ.

‘ಅಕಿಗೆ ಏನೂ ಅನಬ್ಯಾಡ್ರಿ.’ ಗಿರಮಲ್ಲ ತಾಯಿಯ ಮುಂದೆ ಬಂದು ನಿಂತಿದ್ದ. ‘ನನ್ನ ಚಿಂತಿ ಹಚಗೊಂಡು ಹಂಗ ಹೇಳ್ಯಾಳ್ರಿ. ಈಗ ಒಪ್ಪಿಸಿದ್ನೆಲ್ಲಾ, ಅದೂ ಅಕೀನ ಕಲಿಸಿದ್ದು. ನಾ ಮೊದಲೂ ಹಿಂಗ ಇದ್ದೆ. ಈಗೂ ಹಿಂಗ ಅದೀನಿ.’

ಅವನು ಶಿದ್ರಾಮಪ್ಪನ ಕಡೆ ನೇರ ನೋಡಿದ.

‘ಪಲ್ಟನ್ಯಾಗೂ ನನಗ ಮಾತು ಬರಲಿಲ್ರಿ. ಭಾಳ ನಕ್ರು. ಆಮ್ಯಾಲ ಕಾವಲಿಗೆ ಹಾಕಿದ್ರು. ಹಿಮಾ ಬಿದ್ದಾಗ ಒಂದು ಕಲ್ಲ ಸರಿದ್ರೂ ಕೇಳಬೇಕಾಗತೈತಿ. ನಾ ಸುಮ್ಮನ ಕುಂದರಾಂವ, ನನಗ ಕೇಳತೈತಿ. ನನ್ನ ನಂಬಿ ಎಂಟು ಮಂದಿ ನಿದ್ದಿ ಮಾಡತಾರ್ರಿ. ನಕ್ಕಾಂವ್ರೂ ಅದರಾಗ ಅದಾರ. ಹೆಣ್ಣು ಕೊಡೂದು ಬಿಡೂದು ನಿಮಗ ಬಿಟ್ಟದ್ದು. ನಮ್ಮವ್ವನ್ನ ಮಾತ್ರ ಬೈಬ್ಯಾಡ್ರಿ.’

ಇಷ್ಟು ಹೇಳಿ ಅವನು ಕೂತಿದ್ದ ಜಾಗದಲ್ಲೇ ಮತ್ತೆ ಕೂತ. ಹಣೆಯ ಬೆವರು ಒರೆಸಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಹೆತ್ತವಳೂ ಕೇಳಿರಲಿಲ್ಲ.

ಶಿದ್ರಾಮಪ್ಪ ಮೀಸೆ ಸವರಿಕೊಳ್ಳುತ್ತಾ ಕೂತ. ಆಮೇಲೆ ಬಾಗಿಲ ಕಡೆ ಮುಖ ಮಾಡಿದ. ‘ಸಾತೂ, ಕೇಳಿದೆಲ್ಲಾ. ಮಾತಾಡದ ಗಂಡ ನಡೀತಾನೇನವಾ? ನಾಳಿ ಅಳಕೋತ ಬಂದ್ರ ನಾ ಕೇಳಾಂವಲ್ಲ.’

ಬಾಗಿಲ ಮರೆಯಿಂದ ಸಾತವ್ವಳ ಉತ್ತರ ಬಂತು. ‘ಈ ಮನ್ಯಾಗ ಮಾತಾಡಾಂವ್ರು ಒಂಬತ್ತು ಮಂದಿ ಅದೀವಪ್ಪಾ. ಕೇಳಾಂವ್ರು ಯಾರದಾರ?’

ಮುದುಕಿ ಹೊಳೆವ್ವ ಕೌದಿ ಸರಿಸಿದಳು. ‘ಸಕ್ರಿ ತರ್ರಿ ಒಳಗಿಂದ. ಕುಂತೀರಿ ಎಲ್ಲಾರೂ ಬಾಯಿ ತಕ್ಕೊಂಡು.’

ಸಂಬಂಧ ಗಟ್ಟಿ ಮಾಡುವ ಸಕ್ಕರೆ ಬಂತು. ಶಿದ್ರಾಮಪ್ಪ ತಾನೇ ತಂಗೆವ್ವಳ ಅಂಗೈಗೆ ಚಿಟಿಕೆ ಹಾಕಿ, ‘ಬೈದದ್ದು ಮನಸಿಗೆ ಹಚಗೋಬ್ಯಾಡಬೇ’ ಎಂದ. ಅವಳು ತಲೆಯಾಡಿಸಿದಳಷ್ಟೆ.

ತಿರುಗಿ ಬರುವಾಗ ಜಮಖಂಡಿಯಲ್ಲಿ ಬಸ್ಸು ಬದಲಿಸಿದರು. ರೇವಪ್ಪನಿಗೆ ಮುಂದೆ ಜಾಗ ಸಿಕ್ಕಿತು. ತಾಯಿ ಮಗ ಹಿಂದಿನ ಸೀಟಿನಲ್ಲಿ ಕೂತರು. ಬಸ್ಸು ಊರು ದಾಟಿದ ಮೇಲೆ ತಂಗೆವ್ವ ಮೆಲ್ಲಗೆ ಕೇಳಿದಳು.

‘ಅಷ್ಟು ಮಂದ್ಯಾಗ ಎದ್ದು ನಿಂತೆಲ್ಲೋ ಯಪ್ಪಾ. ಅಂಜಿಕಿ ಆಗಲಿಲ್ಲೇನು?’

‘ಆತು.’

‘ಮತ್ತ?’

ಗಿರಮಲ್ಲ ಅವಳ ಕಡೆ ತಿರುಗಿದ. ‘ನಿನ್ನ ಬಾಡಿದ ಮಾರಿ ನೋಡಿದೆ’ ಎಂದ.

ಇನ್ನೂ ಏನೇನೋ ಕೇಳಬೇಕೆಂದು ಅವಳಿಗೆ ಅನ್ನಿಸಿತು. ಲಗ್ನ ಯಾವಾಗ, ಹುಡುಗಿಯ ಮುಖ ನೋಡಿದೆಯಾ, ಆ ಹಿಮದಲ್ಲಿ ನಿನಗೆ ಹೊದೆಯಲು ಏನು ಕೊಡುತ್ತಾರೆ. ಮಗ ಕಿಟಕಿಯಾಚೆಯ ಕಬ್ಬಿನ ಹೊಲಗಳನ್ನು ನೋಡುತ್ತಾ ನಿರಾಳವಾಗಿ ಕೂತಿದ್ದ. ತಂಗೆವ್ವ ಕೇಳಲಿಲ್ಲ. ಸೆರಗು ಹೊದ್ದುಕೊಂಡು, ಅವನ ಭುಜಕ್ಕೆ ಭುಜ ತಾಗಿಸಿ, ಬೀಳಗಿ ಬರುವ ತನಕ ತಾನೂ ಸುಮ್ಮನೆ ಕೂತಳು.