ಕೈ ಹೇಗಿದೆ?

"ಇನ್ನೂ ಸ್ವಲ್ಪ ಎತ್ತಿ ಹಿಡ್ಕೊಳ್ಳಿ ಮೇಸ್ತ್ರಿ," ಎಂದು ಬಾಯ್ಲರಿನವನು ಹೆಣದ ಬೆನ್ನಿನಡಿ ಕೈ ಹಾಕಿ ಏದುಸಿರು ಬಿಟ್ಟ. ಮೇಸ್ತ್ರಿ ಎತ್ತಿ ಹಿಡಿದ. ಬಿಳಿ ಅಂಗಿಯ ಎಡದ ತೋಳು ಹೇಗೋ ಸರಿಯಾಗಿ ಕೂತಿತು. ಬಲದ ತೋಳಿಗೆ ಬಂದಾಗ ಇಬ್ಬರ ಕೈಯೂ ನಿಂತಿತು. ಅದರೊಳಗೆ ಹೋಗಬೇಕಾದ ಕೈ ಮೊಣಕೈಯ ಹತ್ತಿರವೇ ಮುಗಿದಿತ್ತು.

"ಮಡಚಿ ಪಿನ್ನು ಹಾಕಿಬಿಡೋಣ. ಬದುಕಿದ್ದಾಗಲೂ ಹಾಗೇ ತಾನೆ ಹಾಕ್ಕೋತಿದ್ದದ್ದು," ಎಂದ ಬಾಯ್ಲರಿನವನು.

"ಬೇಡ," ಎಂದಳು ಬಾಗಿಲಲ್ಲಿ ನಿಂತಿದ್ದ ಸತ್ತವನ ಹೆಂಡತಿ. "ಇವತ್ತೊಂದು ದಿನ ತೋಳು ಉದ್ದಕ್ಕೇ ಇರಲಿ. ಪಿನ್ನು ಹಾಕ್ಕೊಳ್ಳುವಾಗ ದಿನಾ ಗೊಣಗ್ತಿದ್ರು."

ಮಾತು ಇಷ್ಟೇ. ಆದರೆ ಹೇಳುವಾಗ ಅವಳು ಬಾಯ್ಲರಿನವನನ್ನು ಬಿಟ್ಟು ತನ್ನನ್ನೇ ಯಾಕೆ ನೋಡಿದಳು ಎಂದು ಮೇಸ್ತ್ರಿಯ ತಲೆಯೊಳಗೆ ಹುಳ ಹೊಕ್ಕಿತು.

ಸತ್ತವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಚರ್ಚಿನ ಬಾಗಿಲು ತೆಗೆಯುವುದು, ಬೆಂಚು ಒರೆಸುವುದು, ಎಲ್ಲರೂ ಹೋದ ಮೇಲೆ ದೀಪ ಆರಿಸಿ ಬೀಗ ಹಾಕುವುದು ಅವನ ಕೆಲಸ. ಒಂದೇ ಕೈಯಲ್ಲಿ ಅಷ್ಟನ್ನೂ ಮಾಡುತ್ತಿದ್ದ. ಅದಕ್ಕೂ ಮೊದಲು, ಎರಡು ಕೈ ಇದ್ದ ಕಾಲದಲ್ಲಿ, ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿದ್ದ. ಬಾಯ್ಲರಿನವನೂ ಮೇಸ್ತ್ರಿಯೂ ಅಲ್ಲಿಯವರೇ, ಒಬ್ಬ ಬಾಯ್ಲರಿಗೆ ಬೆಂಕಿ ಹಾಕುವವನು, ಇನ್ನೊಬ್ಬ ಆಳುಗಳ ಮೇಲ್ವಿಚಾರಕ. ಮೇಸ್ತ್ರಿ ಈಗ ಚರ್ಚಿನ ಹಿರಿಯರ ಸಮಿತಿಯಲ್ಲೂ ಇದ್ದ. ಮುಂದಿನ ಬೆಂಚು, ಇಸ್ತ್ರಿ ಕೆಡದ ಕೋಟು, ಎದುರು ಸಿಕ್ಕವರಿಂದ ನಮಸ್ಕಾರ, ಯಾವುದಕ್ಕೂ ಕೊರತೆ ಇರಲಿಲ್ಲ.

ಬಾಯ್ಲರಿನವನು ನೀರಿನ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದಾಗ ಅವಳು ಒಳಗೆ ಬಂದು ಗಂಡನ ಕಾಲರು ಸರಿಮಾಡಿದಳು.

"ಚರ್ಚಿನಲ್ಲಿ ನೀವು ಮಾತಾಡ್ತೀರಂತಲ್ಲ?"

"ಫಾದರ್ ಹೇಳಿದ್ರು ಅತ್ತಿಗೆ. ನಿಮಗೆ ಬೇಡ ಅನ್ನಿಸಿದ್ರೆ..."

"ಬೇಡ ಅಂತ ಯಾಕನ್ಲಿ? ಆವತ್ತಿನ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ."

ಮೇಸ್ತ್ರಿ ಅವಳ ಮುಖ ನೋಡಿದ. ಅತ್ತು ಬಾತುಹೋದ ಮುಖದಲ್ಲಿ ಏನೂ ಕಾಣಲಿಲ್ಲ. ಇವಳಿಗೆ ಗೊತ್ತಿದೆಯೇ? ಸಾಯುವ ಮುಂಚೆ ಅವನು ಬಾಯಿ ಬಿಟ್ಟಿದ್ದಾನೆಯೇ? ಬೆಳಗ್ಗೆ ಸಾವಿನ ಸುದ್ದಿ ಕೇಳಿದಾಗ ಮೊದಲು ಬಂದದ್ದು ಈ ಯೋಚನೆ, ಅಳು ಬಂದದ್ದು ಆಮೇಲೆ.

*

ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಆ ಕಾರ್ಖಾನೆಗೆ ಬರುತ್ತಿದ್ದವು. ಒಗೆದು ಹಿಂಡಿದ ಮೇಲೆ ಅವನ್ನು ಎರಡು ಕಾದ ರೋಲರುಗಳ ನಡುವೆ ತಳ್ಳಬೇಕು. ಈ ಕಡೆ ಒದ್ದೆಯಾಗಿ ಹೋದದ್ದು ಆ ಕಡೆ ಇಸ್ತ್ರಿಯಾಗಿ ಬರುತ್ತಿತ್ತು. ರೋಲರಿನ ಮುಂದೆ ಒಂದು ಅಡ್ಡ ಸರಳು. ಬೆರಳು ತಗಲಿದರೆ ಸಾಕು, ಯಂತ್ರ ನಿಲ್ಲುತ್ತದೆ. ತೊಂದರೆಯೆಂದರೆ ದಪ್ಪ ಬಟ್ಟೆ ತಗಲಿದರೂ ನಿಲ್ಲುತ್ತದೆ. ಕೆಲಸ ರಾಶಿ ಬಿದ್ದ ದಿನ ಹರಕು ಚಿಂದಿಯಿಂದ ಆ ಸರಳನ್ನು ಮೇಲಕ್ಕೆತ್ತಿ ಕಟ್ಟಿಬಿಡುತ್ತಿದ್ದರು. ಹಾಗೆ ಕಟ್ಟಬಾರದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು.

ಕೈ ಹೋದ ದಿನ ಅದನ್ನು ಕಟ್ಟಿದವನು ಇವನು. ಆಗಿನ್ನೂ ಮೇಸ್ತ್ರಿಯಾಗಿರಲಿಲ್ಲ, ರೋಲರಿಗೆ ಬಟ್ಟೆ ಕೊಡುವವನು. ಹೆಂಡತಿ ತುಂಬಿದ ಬಸುರಿ, ಬೇಗ ಮನೆ ಸೇರುವ ಆತುರ. ಒದ್ದೆ ಹಾಸಿನ ಅಂಚು ಬೆರಳಿಗೆ ಸುತ್ತಿಕೊಂಡದ್ದು ಗೊತ್ತಾಗುವಷ್ಟರಲ್ಲಿ ರೋಲರು ಕೈಯನ್ನು ಎಳೆದುಕೊಳ್ಳತೊಡಗಿತ್ತು. ಅವನು ಕೂಗಿಕೊಂಡ. ಪಕ್ಕದಲ್ಲಿದ್ದ ಬೀಗದಣ್ಣ, ಆಗ ಎಲ್ಲರಿಗೂ ಬರೀ ಅಣ್ಣ, ಓಡಿಬಂದವನೇ ರೋಲರಿನ ಬಾಯಿಗೆ ಕೈ ಹಾಕಿ ಹಾಸನ್ನು ಹಿಂದಕ್ಕೆ ಜಗ್ಗಿದ. ಇವನ ಕೈ ಹೊರಗೆ ಬಂತು, ಬೆರಳ ತುದಿಗಳಷ್ಟೇ ಸುಟ್ಟಿದ್ದವು. ಅಣ್ಣನ ಕೈ ಒಳಗೆ ಹೋಯಿತು.

ವಿಚಾರಣೆಗೆ ಬಂದ ಅಧಿಕಾರಿ ಆಸ್ಪತ್ರೆಯ ಮಂಚದ ಪಕ್ಕ ಕೂತು, ಸರಳು ಕಟ್ಟಿದ್ದು ಯಾರು ಎಂದು ಕೇಳಿದ.

"ನಾನೇ ಕಟ್ಟಿದ್ದು ಸಾರ್," ಎಂದ ಅಣ್ಣ.

ಮಂಚದ ಕಾಲಿನ ಬಳಿ ನಿಂತಿದ್ದ ಇವನು ಬಾಯಿ ತೆರೆದ. ಅಣ್ಣ ಅವನತ್ತ ತಿರುಗಿ, "ನೀನು ಹೊರಡು, ಮನೇಲಿ ಕಾಯ್ತಿರ್ತಾಳೆ," ಎಂದ. ಇವನು ಹೊರಟ. ಅಣ್ಣನ ಕೆಲಸ ಹೋಯಿತು, ತಪ್ಪು ಅವನದೇ ಎಂದು ಕಾರ್ಖಾನೆ ಕೈ ತೊಳೆದುಕೊಂಡಿತು.

*

ಚರ್ಚಿನ ಅಂಗಳದಲ್ಲಿ ಜನ ಗುಂಪು ಗುಂಪಾಗಿ ನಿಂತಿದ್ದರು. ಮೇಸ್ತ್ರಿ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಸಮಿತಿಯ ಹಿರಿಯ ಬಂದನೆಂಬ ಮರ್ಯಾದೆಯೋ, ಬೇರೇನೋ? ಕಾರ್ಖಾನೆಯ ಹಳಬರೆಲ್ಲ ಒಂದೇ ಕಡೆ ಸೇರಿದ್ದರು. ನಡುವೆ ಕಲ್ಲುಕಟ್ಟೆಯ ಮೇಲೆ ದೊಡ್ಡಮ್ಮ ಕೂತಿದ್ದಳು. ಒಗೆದ ಬಟ್ಟೆ ಮಡಚುವ ಮೇಜಿನ ಬಳಿ ಕೂದಲು ಹಣ್ಣಾಗಿಸಿಕೊಂಡವಳು, ಎಲ್ಲರಿಗೂ ದೊಡ್ಡಮ್ಮನೇ. ಬಾಯ್ಲರಿನವನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ಮೇಸ್ತ್ರಿಯ ಕಡೆ ನೋಡಿ ತಲೆಯಾಡಿಸಿದಳು.

"ಒಳಗೆ ಹೋಗಿ ಒಂದ್ಸಲ ಮುಖ ನೋಡ್ಕೊಂಡು ಬಾ," ಎಂದ ಮೇಸ್ತ್ರಿ ತನ್ನ ಹೆಂಡತಿಗೆ.

"ನಾನು ಬರಲ್ಲ."

"ನಾಲ್ಕು ಜನ ಏನಂತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ಅವನ ಬೇಜವಾಬ್ದಾರಿಗೆ ನಿಮ್ಮ ಕೈಯೂ ಹೋಗ್ತಿತ್ತು. ತುಂಬಿದ ಹೊಟ್ಟೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನು, ನಾಲ್ಕು ಜನ ಅಲ್ಲ. ನೀವು ದೊಡ್ಡ ಮನಸ್ಸಿನವರು, ಕ್ಷಮಿಸಿದ್ರಿ. ನನ್ನ ಕೈಲಿ ಆಗಲಿಲ್ಲ."

ಮೇಸ್ತ್ರಿ ಟೈ ಸರಿಮಾಡಿಕೊಂಡ. ಬೀಗದಣ್ಣ ಎದುರು ಬಂದರೆ ಅವಳು ಮುಖ ತಿರುಗಿಸುವುದನ್ನು ಅವನು ಇಷ್ಟು ಕಾಲ ಕಂಡಿದ್ದ. ಒಮ್ಮೆಯೂ ತಡೆದಿರಲಿಲ್ಲ.

*

ಪ್ರತಿ ಭಾನುವಾರ, ಆರಾಧನೆಯ ನಡುವೆ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದು ಶಾಂತಿ ಕೋರುವ ಹೊತ್ತಿಗೆ ಬೀಗದಣ್ಣ ಹಿಂದಿನ ಬಾಗಿಲ ಬಳಿಯಿಂದ ಎದ್ದು ಬರುತ್ತಿದ್ದ. ಉಳಿದವರಿಗೆಲ್ಲ ಅವನ ಎಡಗೈ ಹಿಡಿಯುವುದು ಮುಜುಗರ. ಯಾವ ಕೈ ಚಾಚಬೇಕೆಂದು ತಡವರಿಸುತ್ತಿದ್ದರು. ಮೇಸ್ತ್ರಿಗೆ ಆ ಕಷ್ಟವಿರಲಿಲ್ಲ. ಅವನು ಹುಟ್ಟು ಎಡಚ.

"ಕೈ ಹೇಗಿದೆಯಪ್ಪ?" ಎಂದು ಕೇಳುತ್ತಿದ್ದ ಬೀಗದಣ್ಣ, ಪ್ರತಿ ಸಲವೂ.

ಸುಟ್ಟ ಬೆರಳುಗಳು ಎಂದೋ ವಾಸಿಯಾಗಿದ್ದವು. ಆದರೂ ಕೇಳುತ್ತಾನಲ್ಲ, ಏನು ಇವನ ಲೆಕ್ಕಾಚಾರ? ಮೇಸ್ತ್ರಿ ಮೊದಲು ಹಿಂದಿನ ಬೆಂಚು ಬಿಟ್ಟು ನಡುವಿನ ಬೆಂಚಿಗೆ ಹೋದ, ಆಮೇಲೆ ಮುಂದಿನದಕ್ಕೆ. ಭಕ್ತಿ ಹೆಚ್ಚಾಯಿತೆಂದು ತಿಳಿದು ಪಾದ್ರಿಗಳು ಅವನನ್ನು ಸಮಿತಿಗೆ ಸೇರಿಸಿಕೊಂಡರು. ಬೀಗದಣ್ಣ ಅಲ್ಲಿಗೂ ನಡೆದು ಬಂದು ಕೈ ನೀಡಿದ.

ಮೇಸ್ತ್ರಿಗಿರಿ ಸಿಕ್ಕಿದಾಗ ಅವನೇ ಮನೆಬಾಗಿಲಿಗೆ ಬಂದಿದ್ದ. ಈಗ ಬಂತು ನೋಡು, ಇಷ್ಟು ದಿನ ಕಾದು ಈಗ ಕೇಳುತ್ತಾನೆ ಎಂದುಕೊಂಡ ಮೇಸ್ತ್ರಿ. ಹೆಂಡತಿ ಒಳಗಿನಿಂದ ಬಾರದಂತೆ ಬಾಗಿಲು ಮುಂದೆ ಮಾಡಿ, ಮೆಟ್ಟಿಲ ಮೇಲೇ ನಿಲ್ಲಿಸಿಕೊಂಡು, "ಏನಾದ್ರೂ ಬೇಕಿದ್ರೆ ಸಂಕೋಚ ಪಡಬೇಡಣ್ಣ," ಎಂದ.

ಬೀಗದಣ್ಣ ಗಲ್ಲ ಕೆರೆದುಕೊಂಡು ಯೋಚಿಸಿದ. "ಆ ರೋಲರಿನ ಸರಳು ಮತ್ತೆ ಯಾರೂ ಕಟ್ಟದ ಹಾಗೆ ನೋಡ್ಕೋ. ಅಷ್ಟು ಮಾಡು."

ಅವನು ಹೋದ ಮೇಲೂ ಮೇಸ್ತ್ರಿ ಮೆಟ್ಟಿಲ ಮೇಲೆ ನಿಂತಿದ್ದ. ಅದೊಂದು ಬೆದರಿಕೆ ಎಂದೇ ಅವನಿಗೆ ಅನ್ನಿಸಿತು. ಆದರೆ ಸರಳಿಗೆ ಯಾರೂ ಕೈ ಹಚ್ಚದಂತೆ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾದ.

*

ಪಾದ್ರಿಗಳು ತಮ್ಮ ಮಾತಿನಲ್ಲಿ ಇತರರಿಗಾಗಿ ತನ್ನನ್ನೇ ಕೊಟ್ಟುಕೊಂಡ ಕ್ರಿಸ್ತನ ಬಗ್ಗೆ ಹೇಳಿ, ಮೇಸ್ತ್ರಿಯನ್ನು ಕರೆದರು. ಅವನು ಪೆಟ್ಟಿಗೆಯನ್ನು ಬಳಸಿಕೊಂಡು ಹೋಗಿ ಮೈಕಿನ ಮುಂದೆ ನಿಂತ. ಮೂರನೆಯ ಬೆಂಚಿನ ತುಂಬ ಕಾರ್ಖಾನೆಯವರು. ಎದುರಿನಲ್ಲೇ ವಿಧವೆ.

"ಅಣ್ಣ ನನ್ನ ಕೈ ಉಳಿಸಿದ್ರು," ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಿಧವೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳು ಈಗಲೇ ಎದ್ದು ಏನಾದರೂ ಅಂದುಬಿಟ್ಟರೆ ಎಂಬ ಭಯಕ್ಕೆ ನಾಲಿಗೆ ತಾನಾಗಿ ಮುಂದೆ ಓಡಿತು. "ತಪ್ಪು ಯಾರು ಮಾಡಲ್ಲ ಹೇಳಿ? ಅಣ್ಣನೂ ಒಂದು ದಿನ ಅವಸರದಲ್ಲಿ ಒಂದು ತಪ್ಪು ಮಾಡಿದ್ರು. ಅದರ ಫಲ ಅವರೇ ಉಂಡ್ರು. ಆ ತಪ್ಪನ್ನ ನಾನು ಯಾವತ್ತೋ ಕ್ಷಮಿಸಿದ್ದೀನಿ. ದೇವರೂ ಕ್ಷಮಿಸಲಿ."

ಮೂರನೆಯ ಬೆಂಚಿನವರೆಲ್ಲ ಒಟ್ಟಿಗೇ ತಲೆ ತಗ್ಗಿಸಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವಿಧವೆ ಮಾತ್ರ, ಬಾಯಿಪಾಠ ಮರೆತ ಮಗುವನ್ನು ನೋಡುವಂತೆ ಅವನನ್ನು ನೋಡುತ್ತಲೇ ಇದ್ದಳು.

ಸ್ಮಶಾನ ಹತ್ತಿರವೇ ಇತ್ತು. ಪೆಟ್ಟಿಗೆ ಮುಂದೆ, ಜನ ಹಿಂದೆ. ಮೇಸ್ತ್ರಿ ಬೇಕೆಂದೇ ಹಿಂದುಳಿದು ದೊಡ್ಡಮ್ಮನ ಜೊತೆಯಾದ.

"ಎಲ್ಲ ಯಾಕೆ ತಲೆ ತಗ್ಗಿಸಿದ್ರಿ?"

"ನಾಚಿಕೆ ಆಯ್ತು," ಎಂದಳು ದೊಡ್ಡಮ್ಮ, ಅವನ ತೋಳಿಗೆ ಭಾರ ಹಾಕಿ ನಡೆಯುತ್ತ.

"ಯಾವುದಕ್ಕೆ?"

"ಆವತ್ತು ಅಣ್ಣನ್ನ ಎತ್ಕೊಂಡು ಹೋದ ಮೇಲೆ ಆ ಚಿಂದಿ ಬಿಚ್ಚಿದ್ದು ನಾನು ಕಣೋ. ದಿನಾ ನೀವೆಲ್ಲ ಕಟ್ಟಿ ಕಳಿಸೋ ಬಟ್ಟೆ ಗಂಟು ಬಿಚ್ಚೋಳಿಗೆ ಯಾರ ಗಂಟು ಯಾವುದು ಅಂತ ಗೊತ್ತಾಗಲ್ವಾ? ಅದು ಉಲ್ಟಾ ಬಿಗಿದ ಗಂಟು. ನಮ್ಮಲ್ಲಿ ಎಡಚ ಅಂತ ಇದ್ದೋನು ನೀನೊಬ್ಬನೇ."

ಮೇಸ್ತ್ರಿಯ ಕಾಲು ನಿಂತಿತು. ಅವಳು ಎಳೆದುಕೊಂಡೇ ನಡೆದಳು.

"ಯಾರ್ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಅಂತ ಕೇಳು. ನಾವೆಲ್ಲ ಸೇರಿ ಸಾಹೇಬರ ಹತ್ರ ಹೋಗೋಣ ಅಂತಿದ್ವಿ. ಅಣ್ಣನ ಹೆಂಡತಿ ಬಂದು ತಡೆದಳು. ಅವನು ಹೇಳಿ ಕಳಿಸಿದ್ನಂತೆ. ನನ್ನ ಕೈ ಹೇಗೂ ಹೋಯ್ತು, ಈಗ ಅವನ ಕೆಲಸಾನೂ ಹೋದ್ರೆ ನನ್ನ ಕೈ ದಂಡ ಆಗುತ್ತೆ, ಅಂತ."

"ಅಂದ್ರೆ ಇಷ್ಟು ವರ್ಷ ನೀವೆಲ್ಲ ನನ್ನ ಬೆನ್ನ ಹಿಂದೆ ನಗ್ತಿದ್ರಿ."

ದೊಡ್ಡಮ್ಮ ಅವನನ್ನು ಕನ್ನಡಕದ ಮೇಲಿನಿಂದ ನೋಡಿದಳು. "ನಿನಗೆ ಎಲ್ಲಾದ್ರಲ್ಲೂ ಅನುಮಾನ. ನಗೋದಿರಲಿ, ನಿನ್ನ ಕಂಡ್ರೆ ಅಯ್ಯೋ ಅನ್ನಿಸ್ತಿತ್ತು. ಕೈ ಕಳ್ಕೊಂಡೋನು ಆರಾಮಾಗಿದ್ದ. ಎರಡು ಕೈ ಇದ್ದೋನು ನೀನು ಒದ್ದಾಡ್ತಿದ್ದೆ. ಅದನ್ನ ನೋಡಿಯೇ ಅವನು ವಾರವಾರ ನಿನ್ನ ಕೈ ಹೇಗಿದೆ ಅಂತ ಕೇಳ್ತಿದ್ದದ್ದು."

ಒಂದೇ ಒಂದು ಭಾನುವಾರವಾದರೂ ಆ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದು ಮೇಸ್ತ್ರಿಗೆ ನೆನಪಾಗಲಿಲ್ಲ. ಹೂಂ ಎಂದು ಕೈ ಬಿಡಿಸಿಕೊಳ್ಳುತ್ತಿದ್ದ, ಅಷ್ಟೇ.

ಪೆಟ್ಟಿಗೆ ಕುಣಿಯೊಳಗೆ ಇಳಿಯಿತು. ಜನ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕತೊಡಗಿದರು. ಮೇಸ್ತ್ರಿಯ ಸರದಿ ಬಂದಾಗ ಅವನು ಬಗ್ಗಿ ಮಣ್ಣು ಎತ್ತಿಕೊಂಡ, ಆದರೆ ಹಾಕಲಿಲ್ಲ. ಕುಣಿಯ ತಲೆಯ ಕಡೆ ವಿಧವೆ ನಿಂತಿದ್ದಳು.

"ಅತ್ತಿಗೆ," ಎಂದ. "ಆವತ್ತು..."

"ಮಣ್ಣು ಹಾಕಿ," ಎಂದಳು ಅವಳು ಮೆಲ್ಲಗೆ. "ಹಿಂದೆ ಜನ ಕಾಯ್ತಿದ್ದಾರೆ. ಹಾಕಿ ಮನೆಗೆ ಹೊರಡಿ."

ಅವಳ ದನಿಯಲ್ಲಿ ಸಿಟ್ಟಿಗಾಗಿ ಹುಡುಕಿದ. ಚೂರೂ ಸಿಗಲಿಲ್ಲ. ನಿಜಕ್ಕೂ ಅವನನ್ನು ಮನೆಗೆ ಕಳಿಸುತ್ತಿದ್ದಳು, ಅಷ್ಟೇ. ಮಣ್ಣು ಹಾಕಿ ಪಕ್ಕಕ್ಕೆ ಸರಿದರೆ ಎಲ್ಲವೂ ಇದ್ದ ಹಾಗೇ ಇರುತ್ತಿತ್ತು, ಕೋಟು, ಬೆಂಚು, ನಮಸ್ಕಾರ. ಅವನು ಜನರ ಕಡೆ ತಿರುಗಿದ.

"ಸರಳು ಕಟ್ಟಿದ್ದು ಅಣ್ಣ ಅಲ್ಲ," ಎಂದ ಗಟ್ಟಿಯಾಗಿ. "ನಾನು."

ಬಾಯ್ಲರಿನವನು ತನ್ನ ಬೂಟು ನೋಡಿಕೊಂಡ. ದೊಡ್ಡಮ್ಮ ಕನ್ನಡಕ ತೆಗೆದು ಒರೆಸತೊಡಗಿದಳು. ಸಾಲಿನಲ್ಲಿ ಒಂದು ಪಿಸುಮಾತೂ ಏಳಲಿಲ್ಲ, ಯಾರೂ ತಲೆ ಎತ್ತಲಿಲ್ಲ. ಎತ್ತಿದವಳು ಒಬ್ಬಳೇ. ಸಾಲಿಗೆ ಸೇರದೆ, ಬೀಗದಣ್ಣನಿಗೆ ಬೆನ್ನು ಮಾಡಿ ಗೇಟಿನ ಹತ್ತಿರ ನಿಂತಿದ್ದ ಮೇಸ್ತ್ರಿಯ ಹೆಂಡತಿ.