ಗೆರೆ ತಪ್ಪಿದ ಮದುವೆ

ಅರವತ್ತೊಂದನೆಯ ವಯಸ್ಸಿನಲ್ಲಿ ಎರಡನೇ ಮದುವೆಗೆ ಹೊರಟ ವೆಲ್ಗಾಳಿಗೆ ಊರವರ ಬಾಯಿಯ ಚಿಂತೆ ಇರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ, ಲಾಟ್ವಿಯಾದ ಇನ್ನೊಂದು ಊರು ಕುಲ್ದೀಗಾದಲ್ಲಿರುವ ಅಕ್ಕ ಬಿರುತಾ ಬರಬೇಕು. ಅಮ್ಮನನ್ನು ಮಣ್ಣು ಮಾಡಿದ ದಿನ ಇಬ್ಬರೂ ನಾಲಿಗೆ ಹರಿಯಬಿಟ್ಟು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಕರೆಯೋಲೆಯನ್ನು ಊರಿನ ಗ್ರಂಥಾಲಯದಲ್ಲಿ ತಾನೇ ಟೈಪು ಮಾಡಿದಳು. ಹೊರದೇಶದವರು ಕೊಟ್ಟ ಹಳೇ ಕಂಪ್ಯೂಟರು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು, ಸರಿ; ಆದರೆ ಅದರ ಕೀಲಿಮಣೆಗೆ ಲಾಟ್ವಿಯನ್ ಬಾರದು. ಅಕ್ಷರದ ನೆತ್ತಿಗೆ ದೀರ್ಘದ ಗೆರೆ ಬೇಕಾದಾಗಲೆಲ್ಲ ಚಿಹ್ನೆಗಳ ಪಟ್ಟಿ ತೆರೆದು, ಆ ಸಂತೆಯಲ್ಲಿ ಹುಡುಕಿ, ಒತ್ತಿ ಸೇರಿಸಬೇಕು. ಬಾಣ, ಹೃದಯ, ಗಣಿತದವರ ಸೊಟ್ಟಪಟ್ಟಗಳು ಎಲ್ಲ ಥಟ್ಟನೆ ಸಿಗುತ್ತವೆ. ನಮ್ಮ ಬಡಪಾಯಿ 'ā' ಮಾತ್ರ ಮೂಲೆ ಸೇರಿರುತ್ತದೆ. ಹತ್ತೊಂಬತ್ತು ಸಲ ಸೇರಿಸಿದಳು. ಇಪ್ಪತ್ತನೆಯದು ಬಿಟ್ಟುಹೋಯಿತು.

ಅಂಚೆಗೆ ಹಾಕಿ ಬಂದ ಮೇಲೆ ಮದುವೆಗಂಡು ಗುನ್ವಾಲ್ದಿಸ್ ಉಳಿದ ಪ್ರತಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನೇ ಇದು, ನಮ್ಮ ಆಡುಗಳಿಗೆ ಬನ್ನಿ ಅಂತ ಕರ್ದಿದೀಯಲ್ಲ!"

'ಕಾಜಸ್' ಅಂದರೆ ಮದುವೆ. ಗೆರೆ ತಪ್ಪಿದರೆ 'ಕಜಸ್', ಆಡುಗಳು.

"ನಗಬೇಡ್ರೀ! ಅಕ್ಕ ನಲವತ್ತು ವರ್ಷ ಲಾಟ್ವಿಯನ್ ಪಾಠ ಹೇಳಿದೋಳು. ಬೇಕಂತಲೇ ಗೇಲಿ ಮಾಡಿದಾಳೆ ಅನ್ಕೋತಾಳೆ."

"ಮುದಿ ಹೋತ ನಾನೊಬ್ಬ ಇದೀನಲ್ಲ, ಸುಳ್ಳೇನಲ್ಲ ಬಿಡು."

ವೆಲ್ಗಾ ನಗಲಿಲ್ಲ. ಫೋನು ಮಾಡಿದರೆ ಅಕ್ಕ ಎತ್ತುವವಳಲ್ಲ. ನಾಲ್ಕು ದಿನ ಊಟ ಸೇರಲಿಲ್ಲ.

ಐದನೆಯ ದಿನ ಲಕೋಟೆ ಬಂತು. ಒಳಗೆ ಅವಳದೇ ಕರೆಯೋಲೆ, ವಾಪಸ್ಸು. ಬಿರುತಾ ಕೆಂಪು ಶಾಯಿಯಲ್ಲಿ ಆಡುಗಳ ನೆತ್ತಿಗೆ ಗೆರೆ ಎಳೆದಿದ್ದಳು, ಎಲ್ಲೋ ಒಂದು ಅಲ್ಪವಿರಾಮ ಹಾಕಿದ್ದಳು. ತಪ್ಪು ತಿದ್ದಿ ಮುಖಕ್ಕೆ ಎಸೆದಳು, ಅಷ್ಟೇ ಅಂದುಕೊಂಡಳು ತಂಗಿ.

"ಕೆಳಗೆ ನೋಡೇ," ಅಂದ ಗುನ್ವಾಲ್ದಿಸ್.

ಮುನಿದ ಅಕ್ಕನಿಗೆಂದು ವೆಲ್ಗಾ ಕೊನೆಯ ಸಾಲಿನಲ್ಲಿ ಬಲು ಮರ್ಯಾದೆಯಿಂದ 'ತಾವು ಬರಬೇಕು' ಎಂದಿದ್ದಳು. ಬಿರುತಾ 'ತಾವು' ಹೊಡೆದುಹಾಕಿ 'ನೀನು' ಎಂದು ಬರೆದಿದ್ದಳು. ವೆಲ್ಗಾಳ ಕಣ್ಣು ತುಂಬಿ ಬಂದು, ಅಂಚಿನಲ್ಲಿದ್ದ ಇನ್ನೊಂದು ಸಾಲನ್ನು ಗುನ್ವಾಲ್ದಿಸನೇ ಓದಿ ಹೇಳಬೇಕಾಯಿತು:

"ಒಡಹುಟ್ಟಿದವಳಿಗೆ ಹೀಗೆ ಬರೆಯುವುದು ದೊಡ್ಡ ತಪ್ಪು. ಮದುವೆಗೆ ಎರಡು ದಿನ ಮುಂಚೆಯೇ ಬಂದು ಹೇಳಿಕೊಡುತ್ತೇನೆ."