ಸಾರಳ ಉಡಿ

ಗಂಡನಿಗೆ ಎರಡನೆಯ ಹೆಣ್ಣನ್ನು ಸುಂದರವ್ವ ತಾನೇ ನೋಡಿ ತಂದಿದ್ದಳು. ರಾಮದುರ್ಗದ ನೇಕಾರ ಓಣಿಗೆಲ್ಲ ಗೊತ್ತಿದ್ದ ಮಾತು ಇದು. ತಲೆಯಲ್ಲಿ ಬಿಳಿ ಎಳೆ ಕಾಣಿಸಿಕೊಂಡರೂ ಆಕೆಗೆ ಬಸಿರು ನಿಂತಿರಲಿಲ್ಲ. ಅತ್ತೆ ಇರುವ ತನಕ ಅದನ್ನೇ ಆಡಿ ಆಡಿ ಸತ್ತಳು. ಕಡೆಗೊಂದು ದಿನ ಸುಂದರವ್ವ ದೊಡವಾಡಕ್ಕೆ ಹೋಗಿ, ಪ್ಲೇಗಿನಲ್ಲಿ ಗಂಡ ಸತ್ತು ಅಣ್ಣಂದಿರ ಮನೆಯಲ್ಲಿ ಸೆಗಣಿ ಬಳಿದುಕೊಂಡಿದ್ದ ಶಟ್ಟೆವ್ವನನ್ನು ಕಂಡಳು. ಸೊಂಟ ಗಟ್ಟಿಯಿದೆ, ಬಾಯಿ ಮೆತ್ತಗಿದೆ ಎಂದು ಮನಸ್ಸಿನಲ್ಲೇ ತೂಗಿ, ಕರೆತಂದು ಗಂಡ ಲಗಮಪ್ಪನಿಗೆ ಉಡಿಕಿ ಮಾಡಿಸಿದಳು. ವಿಧವೆಗೆ ಹೊಸ ಸೀರೆ ಉಡಿಸಿ ದೀಪದ ಮುಂದೆ ಕೂಡಿಸಿ ಮುಗಿಸುವ ಮದುವೆ ಅದು. ಬಾಜಾ ಇಲ್ಲ, ಬೀಗರ ಊಟವಿಲ್ಲ.

ವರ್ಷ ತುಂಬುವುದರೊಳಗೆ ಗಂಡು ಹುಟ್ಟಿತು. ಸೂಲಗಿತ್ತಿ ಕೂಸನ್ನು ಹೆತ್ತವಳ ಮಗ್ಗುಲಲ್ಲಿ ಮಲಗಿಸಲಿಲ್ಲ. ಮೊದಲೇ ಮಾತಾಗಿದ್ದಂತೆ ಸುಂದರವ್ವನ ಸೆರಗು ಒಡ್ಡಿಸಿ ಉಡಿಯಲ್ಲಿ ಹಾಕಿದಳು. ಉಡಿಯಲ್ಲಿ ಹಾಕಿದ ಕೂಸು ಉಡಿಯವಳದು. ಆ ಓಣಿಯಲ್ಲಿ ಅದರ ಮೇಲೆ ಮಾತಿಲ್ಲ. ಶಟ್ಟೆವ್ವ ಹಾಲು ಕುಡಿಸಿದಳು, ಸುಂದರವ್ವ ತಾಯಿಯಾದಳು. ಹುಡುಗ ಶಂಕ್ರೆಪ್ಪನಿಗೆ ಮಾತು ಬಂದಾಗ ಸುಂದರವ್ವನನ್ನು ಅವ್ವ ಎಂದ, ಹೆತ್ತವಳನ್ನು ಚಿಗವ್ವ ಎಂದ. ಅವ್ವನ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಹುಡುಗನ ಹಾಲುಹಲ್ಲು ಬೀಳುವ ಹೊತ್ತಿಗೆ ಲಗಮಪ್ಪ ಕ್ರಿಸ್ತನ ಮಾತಿಗೆ ಮನಸ್ಸು ಕೊಟ್ಟ. ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೆಮ್ಮುತ್ತ ಲಾಳಿ ಎಸೆಯುತ್ತಿದ್ದರೆ ಮಿಶನ್ನಿನ ಉಪದೇಶಿ ಸಾಮುವೇಲಪ್ಪ ಎದುರಿಗೆ ಕೂತು ಸತ್ಯವೇದ ಓದುತ್ತಿದ್ದ. ಓಣಿಯವರು ಬೆಂಕಿ, ನೀರು ಬಂದ್ ಮಾಡಿದರು. ಕುಲದ ಹಿರಿಯರು ಹೊರಗೆ ಹಾಕಿದರು. ಅತ್ತ ಕುಲ ಹೋಯಿತು, ಇತ್ತ ಕ್ರೈಸ್ತರ ಸಭೆಯೂ ಸೇರಿಸಿಕೊಳ್ಳಲಿಲ್ಲ. ಇಬ್ಬರು ಹೆಂಡಿರಿರುವವನಿಗೆ ದೀಕ್ಷಾಸ್ನಾನವಿಲ್ಲ, ಒಬ್ಬಳನ್ನು ಬಿಡಬೇಕು, ಯಾರನ್ನು ಎಂಬುದನ್ನು ತಾನು ಬಂದು ಸಭೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಪಾದ್ರಿ ದೊರೆ ಹೇಳಿಕಳಿಸಿದ.

ಸುಂದರವ್ವನಿಗೆ ಭಯ ಹತ್ತಿದ್ದು ಆಗ. ಬೈಲಹೊಂಗಲದ ಕಡೆ ಎಲ್ಲೋ ಇಂಥದೇ ಸಂಗತಿಯಲ್ಲಿ ಮಕ್ಕಳ ತಾಯಿಯನ್ನು ಇರಿಸಿಕೊಂಡು ಬಂಜೆಯನ್ನು ಬಿಡಿಸಿದರಂತೆ ಎಂದು ಯಾರೋ ಆಕೆಯ ಕಿವಿಗೆ ಹಾಕಿದ್ದರು. ತಾನು ಹೋದರೆ ಮನೆ ಹೋಯಿತು, ಗಂಡ ಹೋದ. ಅದನ್ನೆಲ್ಲ ಹಲ್ಲು ಕಚ್ಚಿ ತಡೆದಾಳು. ಹುಡುಗನನ್ನು ಬಿಟ್ಟಿರುವುದು ಮಾತ್ರ ಆಗದ ಮಾತಾಗಿತ್ತು.

ಹಾಗಾಗಿ ಆಕೆ ವೇದದಲ್ಲಿ ದಾರಿ ಹುಡುಕಿದಳು. ಅಕ್ಷರ ಬಾರದವಳು ಕಿವಿಯಿಂದಲೇ ಹುಡುಕಬೇಕಾಯಿತು. ಉಪದೇಶಿ ಬಂದಾಗಲೆಲ್ಲ ಮಜ್ಜಿಗೆ ಕೊಟ್ಟು ಅಬ್ರಹಾಮನ ಕಥೆಯನ್ನೇ ಹೇಳಿಸುತ್ತಿದ್ದಳು. ಸಾಮುವೇಲಪ್ಪನಿಗೂ ಅದು ಪ್ರೀತಿಯ ಕಥೆ. ದೇವರು ಆ ಮುದುಕನೊಡನೆ ಒಡಂಬಡಿಕೆ ಮಾಡಿದ; ಒಡಂಬಡಿಕೆ ನಡೆಯುವುದು ರಕ್ತಮಾಂಸದಿಂದಲ್ಲ, ವಾಗ್ದಾನದಿಂದ; ದಾಸಿ ಹಾಗರಳ ಮಗ ಮಾಂಸದಿಂದ ಹುಟ್ಟಿದವನು, ಹೆಂಡತಿ ಸಾರಳ ಮಗ ಇಸಾಕ ವಾಗ್ದಾನದಿಂದ ಬಂದವನು; ನಂಬುವ ನಾವೆಲ್ಲ ಸಾರಳ ಮಕ್ಕಳು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತ ಶಟ್ಟೆವ್ವನೂ ಕೇಳುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ.

ಅಬ್ರಹಾಮನ ಡೇರೆಯೊಳಗೆ ಸುಂದರವ್ವನಿಗೆ ಕಂಡದ್ದು ತನ್ನ ಮನೆಯೇ. ಬಂಜೆಯಾದ ಹಿರಿಯಳು. ತಾನೇ ತಂದು ಗಂಡನಿಗೆ ಕೊಟ್ಟ ಕಿರಿಯಳು. ಕಿರಿಯಳನ್ನು ಹೊರಗೆ ಹಾಕೆಂದು ಹಿರಿಯಳು ಹೇಳಿದಾಗ, ಹೆಂಡತಿಯ ಮಾತು ಕೇಳು ಎಂದು ದೇವರೇ ಅಬ್ರಹಾಮನಿಗೆ ಹೇಳಿದ್ದ. ಆ ಮಾತನ್ನು ಆಕೆ ಮತ್ತೆ ಮತ್ತೆ ಓದಿಸಿದಳು. ಹಾಗರಳ ಹಿಂದೆ ಅವಳ ಮಗ ಇಷ್ಮಾಯೇಲನೂ ಕಾಡಿಗೆ ಹೋದದ್ದನ್ನು ಕೇಳಿರಲಿಲ್ಲವೆಂದಲ್ಲ. ಸಾರಾ ಅವನನ್ನು ಉಡಿಯಲ್ಲಿ ಹಾಕಿಸಿಕೊಂಡಿರಲಿಲ್ಲ, ಅದಕ್ಕೇ ಅವನು ಹೆತ್ತವಳ ಬೆನ್ನು ಹತ್ತಿ ಹೋದ ಎಂದು ಆಕೆ ತಿಳಿದುಕೊಂಡಳು. ತನ್ನ ಹುಡುಗ ಉಡಿಯವನು. ಅಂದಮೇಲೆ ತನ್ನ ಮನೆಯಲ್ಲಿ ಇಷ್ಮಾಯೇಲನೇ ಇಲ್ಲ, ಇರುವವನು ಇಸಾಕ.

ಪಾದ್ರಿ ದೊರೆ ಧಾರವಾಡದಿಂದ ಕುದುರೆಯ ಮೇಲೆ ಬಂದ. ಪ್ರಾರ್ಥನಾ ಮನೆಯಲ್ಲಿ ಸಭೆ ಕೂಡಿತು. ದೊರೆ ಪುಸ್ತಕದ ಕನ್ನಡದಲ್ಲಿ ಲಗಮಪ್ಪನನ್ನು ಅದು ಇದು ಕೇಳಿದ, ಶಟ್ಟೆವ್ವನನ್ನು ನಿಲ್ಲಿಸಿ ನೋಡಿದ. ಅವನ ಮನಸ್ಸು ಕೂಸಿನ ತಾಯಿಯ ಕಡೆ ವಾಲಿತೆಂದು ಸುಂದರವ್ವನಿಗೆ ಅನ್ನಿಸಿತು. ಹೆಣ್ಣುಮಕ್ಕಳ ಸಾಲಿನಿಂದ ಎದ್ದು ನಿಂತಳು.

“ದೊರೀ, ನಾ ಸಾರಾ ಇದ್ದಂಗ್ರಿ. ಇಕಿ ಹಾಗರ. ತಂದಾಕಿನೂ ನಾನ, ಹೊರಗ ಹಾಕ್ರಿ ಅನ್ನಾಕಿನೂ ನಾನ. ಹೇಂತಿ ಮಾತ ಕೇಳು ಅಂತ ದೇವರ ಹೇಳ್ಯಾನ್ರಿ.”

ದೊರೆಯ ಮುಖ ಅರಳಿತು. ಓದು ಬಾರದ ಈ ಹೆಂಗಸು ಒಡಂಬಡಿಕೆಯ ತಿರುಳನ್ನು ಹಿಡಿದಿದ್ದಾಳೆ ನೋಡಿರಿ ಎಂದು ಸಭೆಗೆ ತೋರಿಸಿದ. ಸಾಮುವೇಲಪ್ಪ ತನ್ನ ಬೋಧನೆಗೆ ತಾನೇ ತಲೆದೂಗಿದ. ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ಮೊದಲ ಹೆಂಡತಿ ಇರತಕ್ಕದ್ದು. ಎರಡನೆಯವಳು ತವರಿಗೆ ಹೋಗತಕ್ಕದ್ದು, ಅವಳ ಮಗನೂ.

ಸುಂದರವ್ವ ನಕ್ಕಳು. ದೊರೆಗೆ ತಿಳಿದಿಲ್ಲವೆಂದುಕೊಂಡು, ಶಟ್ಟೆವ್ವನಿಗೆ ಮಗನೇ ಇಲ್ಲ, ಹುಡುಗ ತನ್ನ ಉಡಿಯವನು ಎಂದು ವಿವರಿಸಿದಳು. ದೊರೆ ಇಲ್ಲವೆಂದು ತಲೆಯಾಡಿಸಿದ. ಸೆರಗಿನಲ್ಲಿ ಹಾಕಿದ ಮಾತ್ರಕ್ಕೆ ತಾಯಿಯಾಗುವುದು ಅಜ್ಞಾನಿಗಳ ಪದ್ಧತಿ. ಅದೂ ಅಲ್ಲದೆ ಹುಡುಗ ಇಲ್ಲಿದ್ದರೆ ಹೆತ್ತವಳು ಅವನನ್ನು ನೋಡುವ ನೆವದಿಂದ ಬರುತ್ತ ಹೋಗುತ್ತ ಇರುತ್ತಾಳೆ, ಹಳೆಯ ಗಂಟು ಬಿಚ್ಚುವುದಿಲ್ಲ.

ಸುಂದರವ್ವ ಪಟ್ಟು ಬಿಡಲಿಲ್ಲ. ಇಸಾಕನ ಮಗ ಯಾಕೋಬನ ಹೆಂಡತಿ ರಾಹೇಲಳನ್ನು ಮಾತಿಗೆ ಎಳೆದು ತಂದಳು. ಆಕೆಯೂ ದಾಸಿಯನ್ನು ಗಂಡನಿಗೆ ಕೊಟ್ಟು, ಹೆರಿಗೆಯನ್ನು ತನ್ನ ತೊಡೆಯ ಮೇಲೆ ಮಾಡಿಸಿಕೊಂಡು, ಮಗ ತನ್ನವನೆಂದು ಹೆಸರಿಟ್ಟಿದ್ದಳಲ್ಲ. ದೇವರ ಜನದ ಹನ್ನೆರಡು ಕುಲಗಳ ಮೂಲಪುರುಷರಲ್ಲಿ ಅವನೂ ಒಬ್ಬ ಎಂದು ಉಪದೇಶಿಗಳೇ ಹೇಳಿದ್ದರು ಎಂದಳು.

ದೊರೆ ಸಾಮುವೇಲಪ್ಪನ ಕಡೆ ನೋಡಿದ. ದೊರೆಯ ಹುಬ್ಬು ಗಂಟಾಗಿತ್ತು. ಈ ತಪ್ಪು ತನ್ನ ತಲೆಗೆ ಬರುತ್ತದೆಂದು ಸಾಮುವೇಲಪ್ಪನಿಗೆ ತಿಳಿಯಿತು. ಆಕೆಯ ಮನೆಯಲ್ಲಿ ಕುಡಿದ ಮಜ್ಜಿಗೆಯೆಲ್ಲ ಅಲ್ಲಿಗೆ ಮರೆತುಹೋಯಿತು.

“ಈಗರ ಸಾರಾ ಅಂದ್ಯಲ್ಲವ್ವ,” ಎಂದ. “ಕಳಸಾಕ ಸಾರಾ, ಇಟಗೊಳ್ಳಾಕ ರಾಹೇಲ, ಹಂಗ ಆಗಾಕ ಬರೂದಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುಂದರವ್ವ ಗಂಡನ ಕಡೆ ತಿರುಗಿದಳು. ಲಗಮಪ್ಪ ಕೆಮ್ಮಿದ, ಗಂಟಲು ಸರಿಮಾಡಿಕೊಂಡ.

“ಮತ್ತ ಸ್ನಾನ ಯಾವಾಗ್ರಿ?” ಎಂದು ಕೇಳಿದ.

ಓಣಿಯ ಯಾವನೂ ಬಂಡಿ ಕೊಡಲಿಲ್ಲ. ಪಕ್ಕದ ಓಣಿಯ ಮುಸಲ್ಮಾನ ಬಾಬುಸಾಬ ತನ್ನ ಬಂಡಿ ಹೂಡಿಕೊಂಡು ಬಂದ. ಸುಂದರವ್ವ ರೊಟ್ಟಿ ಬುತ್ತಿ ಕಟ್ಟಿ ಕೊಟ್ಟಳು. ಶಟ್ಟೆವ್ವ ಅದನ್ನು ತೆಗೆದುಕೊಂಡು, ಬಂಡಿ ಹತ್ತುವ ಮೊದಲು ಹತ್ತಿರ ಬಂದು ನಿಂತಳು. ಆ ಮೆತ್ತನೆಯ ಬಾಯಿ ಅಂದು ಮೊದಲ ಸಲ ತೆರೆಯಿತು.

“ಅಕ್ಕಾ, ನೀ ಸುಮ್ಮ ಕುಂತಿದ್ರ ಆಕ್ಕಿತ್ತು. ನಿನ್ನ ಕಳಿಸಿದ್ರ ಹುಡುಗನ್ನ ನಿನ್ನ ಕೂಡ ಕಳಸೂದಂತ ನಾ ಮನಸಿನ್ಯಾಗ ಮಾಡಿದ್ದೆ. ನಿನ್ನ ಸೆರಗ ಇಲ್ಲದ ಅಂವ ಮಲಗೂದಿಲ್ಲಲ್ಲ.”

ಅದು ನಿಜವೋ, ಹೋಗುವವಳು ಬೇಕಂತಲೇ ಚುಚ್ಚಿ ಹೋದ ಮಾತೋ, ಸುಂದರವ್ವನಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಹುಡುಗ ಬಂಡಿಯಲ್ಲಿ ಕೂತವನು ಅವ್ವನ ಸೆರಗಿನ ತುದಿಯನ್ನು ಹಿಡಿದುಬಿಟ್ಟಿದ್ದ. ಸಾಮುವೇಲಪ್ಪ ಒಂದೊಂದೇ ಬೆರಳು ಬಿಡಿಸಹೋದ. ಅಷ್ಟು ತುದಿಯನ್ನಾದರೂ ಅವನ ಕೈಯಲ್ಲಿ ಬಿಡೋಣವೆಂದು ಸುಂದರವ್ವ ಸೆರಗನ್ನು ಹಲ್ಲಿನಲ್ಲಿ ಕಚ್ಚಿದಳು.

“ಹರೀಬ್ಯಾಡ,” ಎಂದ ಲಗಮಪ್ಪ. “ಸ್ನಾನಕ್ಕಂತ ನೇಯ್ದ ಸೀರಿ ಅದು.”

ಬಂಡಿ ಹೋಯಿತು. ತಿರುಗಿ ಬಂದ ಮೇಲೆ ಬಾಬುಸಾಬ ಬಾಗಿಲ ಹೊರಗೇ ನಿಂತು ಸುದ್ದಿ ಹೇಳಿದ. ಸವದತ್ತಿಯ ಏರು ದಾಟುವ ತನಕ ಹುಡುಗ ಅತ್ತನಂತೆ. ಆಮೇಲೆ ಶಟ್ಟೆವ್ವ ತನ್ನ ಸೆರಗನ್ನು ಅವನ ಮುಖದ ಮೇಲೆ ಎಳೆದಳಂತೆ, ಮಲಗಿಬಿಟ್ಟನಂತೆ. ಇಂಥದೊಂದು ಕಥೆ ತಮ್ಮಲ್ಲೂ ಇದೆ, ಆದರೆ ತಮ್ಮ ಕಡೆ ಹೊರಗೆ ಹೋದ ಹುಡುಗನದೇ ದೊಡ್ಡ ಹೆಸರು ಎಂದೂ ಹೇಳಿದ. ಸಮಾಧಾನಕ್ಕೆಂದೇ ಹೇಳಿದ್ದ. ಸುಂದರವ್ವ ಒಳಗೆ ಹೋದಳು.

ದೀಕ್ಷಾಸ್ನಾನದ ದಿನ ದೊರೆ ಆಕೆಯ ತಲೆಗೆ ನೀರು ಹಾಕಿ ಸಾರಾ ಎಂದೇ ಹೆಸರಿಟ್ಟ. ಆ ಸಾರಳಿಗೆ ಮುಪ್ಪಿನಲ್ಲಿ ಮಗ ಹುಟ್ಟಿದನೆಂದು ನೆನಪಿಸಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಗಮಪ್ಪ ಮಾತ್ರ ಅದನ್ನು ನಂಬಿದ.

ಶಟ್ಟೆವ್ವ ಸುತ್ತುತ್ತಿದ್ದ ಕಂಡಿಕೆಯನ್ನು ಈಗ ಸುಂದರವ್ವನೇ ಸುತ್ತಬೇಕು. ಸಾಮುವೇಲಪ್ಪ ಮೊದಲಿನಂತೆ ಬಂದು ಕೂತು ಓದುತ್ತಿದ್ದ. ಒಂದು ಮಧ್ಯಾಹ್ನ ಆಕೆ, ಹೊರಗೆ ಹಾಕಿದ ಹುಡುಗ ಅಬ್ರಹಾಮನ ಮನೆಗೆ ತಿರುಗಿ ಬಂದನೇ ಎಂದು ಕೇಳಿದಳು. ಬಂದ ಎಂದ ಸಾಮುವೇಲಪ್ಪ. ತಂದೆ ಸತ್ತಾಗ ಬಂದು, ಇಸಾಕನ ಜೊತೆ ಕೂಡಿ ಮಣ್ಣು ಮಾಡಿದ.

“ಸಾರಾ ಸತ್ತಾಗ?”

ಸಾಮುವೇಲಪ್ಪ ಹಾಳೆ ತಿರುವಿದ, ಮತ್ತೆ ಹಿಂದಕ್ಕೆ ತಿರುವಿದ.

“ಅದನ್ನ ಬರದಿಲ್ಲವ್ವ,” ಎಂದ.

ಮಗ್ಗದ ಕುಣಿಯಲ್ಲಿ ಲಗಮಪ್ಪ ಕೆಮ್ಮಿದ. ರಾಟೆಯ ಮೇಲಿದ್ದ ಸುಂದರವ್ವನ ಕೈ ನಿಂತಿತು. ಆ ಕೆಮ್ಮು ಎಷ್ಟು ಆಳದಿಂದ ಬಂತೆಂದು ಆಕೆ ಕಿವಿಗೊಟ್ಟು ಕೇಳಿದಳು. ಅಂದಿನಿಂದ ಅವನು ಕೆಮ್ಮಿದಾಗಲೆಲ್ಲ ಹಾಗೆಯೇ ಕೇಳುತ್ತಿದ್ದಳು.